ಆಜರ್ ೧೩೫೭

ಬಸವಕಲ್ಯಾಣದ ಒಂದು ವಾಡೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕರಿ ಮಾರಿಸ್ ಕಾರನ್ನು ನಾನು ಹುಮನಾಬಾದಿನ ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದದ್ದು ೧೯೭೫ರಲ್ಲಿ. ಎಂಜಿನ್ ಪಕ್ಕದ ಹಿತ್ತಾಳೆ ತಗಡು ತಿಕ್ಕಿದರೆ ತಯಾರಾದ ವರ್ಷ ಕಾಣಿಸಿತು: ೧೯೩೮. ಹೊಸದಾಗಿ ನೋಂದಣಿ ಮಾಡಿಸಲು ಅಷ್ಟು ಸಾಲದು, ಹಿಂದಿನ ಮಾಲೀಕರ ವಿವರವೆಲ್ಲ ಬೇಕು ಎಂದರು ಕಚೇರಿಯವರು.

ಸೀಟಿನಡಿ ಸಿಕ್ಕ ನಿಜಾಮರ ಕಾಲದ ನೋಂದಣಿ ಪುಸ್ತಕ ಉರ್ದುವಿನಲ್ಲಿತ್ತು. ನಾನು ಮೂರನೇ ಇಯತ್ತೆವರೆಗೆ ಉರ್ದು ಕಲಿತವನು, ಬೆರಳಿಟ್ಟು ಓದಿದೆ. ಮಾರಿದವನು ಕೊಹಿನೂರು ಹಳ್ಳಿಯ ಕಾಶಿರಾಮ; ಕೊಂಡವರ ಹೆಸರು ನನಗೆ ಓದಲಾಗಲಿಲ್ಲ. ಆಜರ್ ತಿಂಗಳು, ನಿಜಾಮರ ಫಸಲಿ ವರ್ಷ ೧೩೫೭. ಫಸಲಿಗೆ ೫೯೧ ಕೂಡಿಸಿದರೆ ಇಸವಿ ಬರುತ್ತದೆಂದು ಹೊಲದ ಕಾಗದ ಓದುವಾಗ ಅಪ್ಪ ಹೇಳುತ್ತಿದ್ದ. ಕೂಡಿಸಿದೆ. ೧೯೪೮. ಆಜರ್ ಎಂದರೆ ಅಕ್ಟೋಬರ್, ದಸರಾ ಹೊತ್ತು.

ವಿಚಾರಿಸಲು ಕೊಹಿನೂರಿಗೆ ಹೋದೆ. ಕಾಶಿರಾಮನ ಹೆಂಡತಿ ಯಶೋದಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಹಣೆಯ ತುಂಬ ಕುಂಕುಮ.

"ದಸರಾದಾಗ ಸಹಿ ಮಾಡ್ಯಾರ?" ಮೊರ ಕೆಳಗಿಟ್ಟಳು. "ಅವ್ರು ಕಾರ್ ತಗೊಂಡು ಹೋದದ್ದು ನಲವತ್ತೆಂಟರ ಪೊಲೀಸ್ ಆಕ್ಷನ್ ಗದ್ದಲದಾಗ, ಗಣಪತಿ ಮುಳುಗೋ ಹೊತ್ತಿನ್ಯಾಗ. ಕಾರೂ ಬರಲಿಲ್ಲ, ಅವ್ರೂ ಬರಲಿಲ್ಲ."

"ಹಂಗಾರ ಒಂದು ತಿಂಗಳ ಆದಮ್ಯಾಲೂ ಇದ್ರು ಅಂದಂಗಾತಲ್ಲಕ್ಕಾ."

"'ಯಾರ ಸಲುವಾಗಿ ಈ ಶೃಂಗಾರ, ವೈನಿ?' ಅಂತ ಇಪ್ಪತ್ತೇಳು ವರ್ಷ ಅಣಕಿಸ್ಯಾಳ ನನ್ನ ನಾದಿನಿ. ತಡಿ, ಅಕಿಗೆ ಹೇಳ್ತೀನಿ!" ನಕ್ಕಳು. ಕೊರಳಿನ ಬೋರಮಾಳ ಮುಟ್ಟಿಕೊಂಡಳು. "ಇದು ಗದ್ದಲದ ಹಿಂದಿನ ವರ್ಷ ದಸರಾಕ್ಕ ತಂದಿದ್ರು. ಮಂದಿ ಬನ್ನಿ ಎಲಿ ಕೊಟ್ಟು ಬಂಗಾರ ಅಂತಾರ, ನಾ ಖರೇ ಬಂಗಾರ ಕೊಡ್ತೀನಿ ಅಂದ್ರು. ತಮ್ಮಾ, ಕಾರ್ ಕೊಂಡವರ ಪತ್ತೆ ಹಚ್ಚಿ ಕೊಡು. ಸೋಮವಾರ ಹುಡಕಾಕ ಹೋಗ್ತೀನಿ."

ಆ ಪತ್ತೆಗಾಗಿಯೇ ಕಲ್ಯಾಣದ ಹಳೇ ಮುನ್ಶಿ ಗಯಾಸುದ್ದೀನ್ ಸಾಹೇಬರ ಮುಂದೆ ಪುಸ್ತಕ ಬಿಚ್ಚಿದೆ.

"ಎಷ್ಟ ಕೂಡ್ಸಿದಿ?"

"ಐನೂರಾ ತೊಂಬತ್ತೊಂದ್ರಿ."

"ಅರೆ ಪಾಗಲ್! ಆಜರ್ ಅಂದ್ರ ಫಸಲಿ ವರ್ಷದ ಪೈಲಾ ಮಹಿನಾ, ಮೊದಲ್ನೇ ತಿಂಗಳ. ಜನವರಿ ಬಂದಮ್ಯಾಲ ತೊಂಬತ್ತೊಂದು. ಅಲ್ಲೀತನಕ ಬರೇ ತೊಂಬತ್ತು. ಇದು ನಲವತ್ತೇಳು."

ಅವರು ಭೂತಗನ್ನಡಿಯನ್ನು ಕೆಳಗಿನ ಇರುವೆಸಾಲಿನಂಥ ಬರಹಕ್ಕೆ ಸರಿಸಿದರು. "ಇದು ಓದಿಲ್ಲೇನು? 'ಡ್ರೈವರ್, ಅದೇ ಕಾಶಿರಾಮ, ಪಗಾರಿ.' ಮಾರಿದವನ್ನೇ ನೌಕರಿಗಿ ಇಟ್ಕೊಂಡಾರ."

ಸೋಮವಾರ ಬೆಳಿಗ್ಗೆ ಕೊಹಿನೂರು ಮುಟ್ಟಿದಾಗ ಯಶೋದಾಬಾಯಿ ಇಳಕಲ್ ಸೀರೆ ಉಟ್ಟು, ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಹೇಳಿದೆ. ಎಲ್ಲವನ್ನೂ ಹೇಳಿದೆ. ಲೆಕ್ಕ ತಪ್ಪಿದ್ದು ನಾನೇ ಎಂದೂ ಹೇಳಿದೆ.

"ಹಂಗಾರ ಆ ಗಣಪತಿ ಆದಮ್ಯಾಲಿನ ಗುರ್ತು ಒಂದೂ ಇಲ್ಲ."

"ಇಲ್ಲಕ್ಕಾ."

"ಆ ವರ್ಷ ದಿನಾ ಮುಂಜಾನೆ ಆ ಕಾರ್ ನಾನೇ ಒರಸ್ತಿದ್ದೆ. ನಮ್ದು ಅಂತ." ಕೈ ಕೊರಳಿಗೆ ಹೋಯಿತು, ಬೋರಮಾಳದ ಒಂದು ಗುಂಡಿನ ಮೇಲೆ ನಿಂತಿತು. "ಇದು ಬಂದ ದಸರಾ, ನಲವತ್ತೇಳರದು ಅಂದಿ?"

ನಾನು ತಲೆಯಾಡಿಸಿದೆ.

ಆಮೇಲೆ ಗಂಟು ಬಿಚ್ಚಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ನನ್ನ ಮುಂದಿಟ್ಟಳು.

"ಹಾದಿಗಿ ಅಂತ ಕಟ್ಟಿದ್ದೆ. ಒಣಗಿ ಹೋಗ್ತಾವ. ತಿನ್ನು, ತಮ್ಮಾ."

ತಿಂದೆ. ತಲೆಯೆತ್ತಿ ನೋಡಿದಾಗ ಅವಳು ಕುಂಕುಮ ಮುಚ್ಚುವಂತೆ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದಳು.