ಮಂದ ಎಣ್ಣೆ, ಮೊಂಡು ಮೇಷ್ಟ್ರು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಗೆ ಚೌಕಟ್ಟು ಹಾಕಿಸಿ ಬೌಲಿಂಗ್ ಸೆಂಟರಿನ ಕೌಂಟರಿನ ಮೇಲೆ ತೂಗುಹಾಕಬೇಕು ಎಂದು ಅಕ್ಕನಿಗೆ ಈಚೆಗೆ ದಿನಾ ಅನಿಸುತ್ತಿತ್ತು. ಹಾಕಿರಲಿಲ್ಲ. ಹಾಕಿದರೆ ಅದನ್ನು ಓದಿ ಮೊದಲು ಮುಖ ಊದಿಸಿಕೊಳ್ಳುವವರು ಅವಳ ಗಂಡನೇ.

ಸೆಂಟರು ಅವಳದು. ಬರುವವರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಗಂಡ ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಬೆಳಗ್ಗೆಯಿಂದ ಕಲಿಯುವವರ ಪಕ್ಕದಲ್ಲಿ ಕೂತು, ಜೀವ ಅಂಗೈಯಲ್ಲಿ ಹಿಡಿದು, ತಮ್ಮ ಕಾಲಡಿಯ ಬ್ರೇಕ್ ಒತ್ತುವುದು. ಸಂಜೆ ಹೆಂಡತಿಯ ಸೆಂಟರಿಗೆ ಬಂದು ಚೆಂಡು ಉರುಳಿಸುವುದು. ಗುರುವಾರದ ತಂಡಕ್ಕೆ ಅವರೇ ನಾಯಕರು. ತಂಡದಲ್ಲಿ ಉಳಿದವರು ಔಷಧಿ ಅಂಗಡಿಯವರು, ಬೀಗ ರಿಪೇರಿಯವರು, ಮತ್ತು ಟೈಲರಿಂಗ್ ಮಾಡುವ ಮೇಷ್ಟ್ರ ಒಡಹುಟ್ಟಿದ ತಂಗಿ, ಅಂದರೆ ಅಕ್ಕನ ನಾದಿನಿ. ವಾರದ ನಡುವೆ ಸೆಂಟರಿನಲ್ಲಿ ಜನ ಇರುತ್ತಿದ್ದದ್ದೇ ಇಂಥ ತಂಡಗಳ ದೆಸೆಯಿಂದ. ಒಂದು ಎದ್ದು ಹೋದರೆ ಉಳಿದವು ಕುರಿ ಹಿಂಡಿನ ಹಾಗೆ ಹಿಂದೆಯೇ ಹೋಗುತ್ತವೆ. ಅದರಲ್ಲೂ ಮೊದಲು ಎದ್ದು ಹೋದದ್ದು ಒಡತಿಯ ಗಂಡನ ತಂಡವೇ ಆದರೆ, ಕೇಳುವುದೇ ಬೇಡ, ಬಾಗಿಲು ಹಾಕಿಕೊಳ್ಳಬಹುದು.

ತಂಟೆ ಶುರುವಾದದ್ದು ಎಣ್ಣೆಯಿಂದ. ಲೇನು ಅಂದರೆ ಚೆಂಡು ಉರುಳುವ ಉದ್ದನೆಯ ಓಣಿ. ಅದರ ಮರದ ನೆಲಕ್ಕೆ, ಆಟಗಾರ ನಿಲ್ಲುವ ಕಡೆಯಿಂದ ಅರ್ಧಕ್ಕಿಂತ ತುಸು ಆಚೆಯವರೆಗೆ, ತೆಳ್ಳಗೆ ಎಣ್ಣೆ ಬಳಿಯಬೇಕು. ಬಳಿಯಲಿಕ್ಕೆ ಯಂತ್ರವಿದೆ. ಎಣ್ಣೆ ಇದ್ದಲ್ಲಿ ಚೆಂಡು ಜಾರುತ್ತದೆ, ಎಣ್ಣೆ ಮುಗಿದಲ್ಲಿ ನೆಲ ಕಚ್ಚಿ ತಿರುಗಿ, ಆ ತುದಿಯಲ್ಲಿ ಬಾಟಲಿಗಳ ಹಾಗೆ ನಿಲ್ಲಿಸಿದ ಪಿನ್ನುಗಳ ಮೇಲೆ ಬೀಳುತ್ತದೆ. ಆಟ ಅಂದರೆ ಇಷ್ಟೇ. ಇಷ್ಟಕ್ಕೇ ಜನ ಕೋರ್ಟು ಮೆಟ್ಟಿಲು ಹತ್ತುವವರ ಹಾಗೆ ಕಚ್ಚಾಡುತ್ತಾರೆ.

ಮೊದಲು ಇದ್ದದ್ದು ತೆಳು ಎಣ್ಣೆ. ಮಧ್ಯಾಹ್ನ ಮಕ್ಕಳ ಗುಂಪು ಬಂದು ಆಡಿ ಹೋದರೆ ಅರ್ಧ ಎಣ್ಣೆ ಅವರ ಚೆಂಡುಗಳಿಗೇ ಅಂಟಿಕೊಂಡು ಹೋಗುತ್ತಿತ್ತು. ಸಂಜೆಗೆ ಬಂದವರ ಚೆಂಡು ಅರ್ಧ ದಾರಿಯಲ್ಲೇ ತಿರುಗಿಬಿಡುತ್ತಿತ್ತು. "ಅಕ್ಕಾ, ಲೇನು ಒಣಗಿ ಕಟ್ಟಿಗೆ ಆಗಿದೆ" ಎಂದು ರಾಗ ಎಳೆದವರು ಇದೇ ಔಷಧಿ ಅಂಗಡಿಯವರು. "ಸ್ವಲ್ಪ ಒಳ್ಳೆ ಎಣ್ಣೆ ಹಾಕ್ಸೇ, ಜಿಪುಣತನ ಮಾಡ್ಬೇಡ" ಎಂದವರು ಇದೇ ಮೇಷ್ಟ್ರು. ಸರಿ, ಅವಳು ಮಂದ ಎಣ್ಣೆ ತರಿಸಿದಳು. ಬೆಳಗ್ಗೆ ಬಳಿದರೆ ಸಂಜೆಯಾದರೂ ಅಲ್ಲಾಡದ ಎಣ್ಣೆ.

ಈಗ ಚೆಂಡು ತಿರುಗುವುದೇ ಇಲ್ಲವಂತೆ!

ಮೇಷ್ಟ್ರ ಚೆಂಡಂತೂ ಬಿಟ್ಟ ಬಾಣದ ಹಾಗೆ ನೆಟ್ಟಗೆ ಹೋಗಿ ಬಲಗಡೆಯ ಮೂಲೆಯ ಪಿನ್ನುಗಳನ್ನು ಮಾತಾಡಿಸಿಕೊಂಡು ಹಿಂದಿನ ಗುಂಡಿಗೆ ಬೀಳುತ್ತಿತ್ತು. ಮನೆಗೆ ಬಂದು ಅವರು ಮಾಡುತ್ತಿದ್ದದ್ದು ಒಂದೇ ಕೆಲಸ. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು, ಕಾರಿಗೆ ಹಚ್ಚುವ ಪಾಲಿಶ್ ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ತಿಕ್ಕುವುದು. ಸೋತಷ್ಟೂ ತಿಕ್ಕುವುದು. ಚೆಂಡು ಹೊಳೆದು ಹೊಳೆದು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಅಕ್ಕ ಒಂದು ಸಲ ಬಾಯಿ ಬಿಟ್ಟು ಹೇಳಿಯೂ ನೋಡಿದ್ದಳು. "ರೀ, ಮಂದ ಎಣ್ಣೆಗೆ ನುಣ್ಣನೆ ಚೆಂಡು ಆಗಲ್ಲ. ಒರಟು ಪ್ಯಾಡಲ್ಲಿ ಸ್ವಲ್ಪ ಉಜ್ಜಿ ಹೊಳಪು ತೆಗೀರಿ."

"ಇಷ್ಟು ವರ್ಷದ ಹೊಳಪು ಕಣೇ ಇದು! ಉಜ್ಜಬೇಕಂತೆ, ಉಜ್ಜಬೇಕು. ಇದೇನು ಅಡುಗೆಮನೆ ಪಾತ್ರೆಯಾ?"

ಹಿತ್ತಲ ಗಿಡ ಮದ್ದಲ್ಲ.

ಈ ಗುರುವಾರ ಆಟ ಮುಗಿದ ಮೇಲೆ ನಾಲ್ವರೂ ಬೂಟು ಬಿಚ್ಚದೆ ಬೆಂಚಿನ ಮೇಲೆ ಕೂತರು. ಅಕ್ಕನಿಗೆ ಅಲ್ಲೇ ವಾಸನೆ ಹತ್ತಿತು.

"ಅಕ್ಕಾ, ತಪ್ಪು ತಿಳೀಬೇಡಿ," ಎಂದರು ಔಷಧಿ ಅಂಗಡಿಯವರು. ತಪ್ಪು ತಿಳಿಯಬೇಡಿ ಅಂದವರು ಇವತ್ತಿನವರೆಗೂ ಒಳ್ಳೆ ಮಾತಾಡಿದ್ದಿಲ್ಲ. "ಸ್ಟೇಷನ್ ಹತ್ರ ಹೊಸ ಸೆಂಟರ್ ಆಗಿದೆಯಲ್ಲ, ಅಲ್ಲಿ ಎಣ್ಣೆ ತೆಳು ಅಂತೆ. ಮುಂದಿನ ವಾರದಿಂದ ಅಲ್ಲಿಗೆ ಹೋಗೋಣ ಅಂತ..."

"ಕಟ್ಟಿಗೆ ಆಗಿದೆ ಅಂತ ಅತ್ತಿದ್ದು ಯಾರು ಸ್ವಾಮಿ? ನಾನಾ?"

"ಅದು ಆವಾಗ."

ಬೀಗದವರು ಹೆಚ್ಚು ಮಾತಿನವರಲ್ಲ. "ನಂದೇನಿಲ್ಲ. ಮೇಷ್ಟ್ರು ಎಲ್ಲೋ ನಾನೂ ಅಲ್ಲೇ," ಎಂದರು.

ಅಕ್ಕ ಗಂಡನ ಕಡೆ ತಿರುಗಿದಳು. ಮೇಷ್ಟ್ರು ಚೆಂಡಿನಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು. "ಎಣ್ಣೆ ಬದಲಾಯಿಸ್ತೀಯಾ, ಇರ್ತೀವಿ. ಇಲ್ಲ ಅಂದ್ರೆ ಹೋಗ್ತೀವಿ. ಆಟದಲ್ಲಿ ಗಂಡ ಹೆಂಡತಿ ಅನ್ನೋದಿಲ್ಲ."

"ನಿಮ್ಮ ತಂಗೀನೂ ಇದೇ ಲೇನಲ್ಲಿ ಆಡ್ತಾಳೆ. ಈ ಎಣ್ಣೆ ಬಂದ ಮೇಲೆ ಅವಳು ಸೋತಿದ್ದು ಯಾವಾಗ, ಹೇಳಿ?"

"ಅದೇ ನನ್ನ ಅನುಮಾನ! ಅವಳ ಸರದಿ ಬಂದಾಗ ನೀನೇನೋ ಮಾಡ್ತೀಯಾ. ಅತ್ತಿಗೆ ನಾದಿನಿ ಎಣ್ಣೆ ಸೀಗೆಕಾಯಿ ಥರ ಇರ್ತಾರೆ ಅಂತಾರೆ, ನೀವಿಬ್ರೂ ನೋಡಿದ್ರೆ ಒಂದೇ ಪಕ್ಷ!"

"ಅವಳೊಬ್ಬಳ ಸರದಿಗೆ ಎಣ್ಣೆ ಒರೆಸಿ ನಿಮ್ಮ ಸರದಿಗೆ ವಾಪಸ್ ಸುರೀತೀನಾ? ನನಗೆ ಎಷ್ಟು ಕೈ ಇದೆ ಅಂದ್ಕೊಂಡಿದ್ದೀರಿ?"

ನಾದಿನಿ ಕಿಸಕ್ಕನೆ ನಕ್ಕಳು. ಅವಳ ಚೆಂಡು ಕೊಂಡಂದಿನಿಂದ ಒಂದು ದಿನವೂ ಬಟ್ಟೆ ಕಂಡದ್ದಿಲ್ಲ. ಮೈತುಂಬ ಗೀರು, ಮಾಸಿ ಹೊಳೆಯ ಕಲ್ಲಿನ ಹಾಗಿತ್ತು. ಎಣ್ಣೆ ಎಷ್ಟೇ ಇರಲಿ, ಕೊನೆಯಲ್ಲಿ ಕಚ್ಚಿ ತಿರುಗುತ್ತಿತ್ತು.

"ನಿನಗೆ ಗೊತ್ತಿತ್ತು ಅಲ್ವೇನೇ?" ಎಂದಳು ಅಕ್ಕ. "ಅಣ್ಣನಿಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಅಣ್ಣ ಗೆಲ್ತಾನಲ್ಲ ಅತ್ತಿಗೆ. ಚಿಕ್ಕವಳಿದ್ದಾಗಿಂದ ಎಲ್ಲಾದ್ರಲ್ಲೂ ಅವನೇ ಗೆದ್ದಿದ್ದು. ನಾಲ್ಕು ದಿನ ನಾನೂ ಗೆಲ್ತೀನಿ ಬಿಡಿ."

ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಅಣ್ಣನಿಗೆ ಹೊಳಪಿನ ಹುಚ್ಚು, ತಂಗಿಗೆ ಗೆಲ್ಲುವ ಹುಚ್ಚು, ನಡುವೆ ಅರೆದುಹೋಗುತ್ತಿರುವುದು ತನ್ನ ಸೆಂಟರು. ಎಣ್ಣೆ ಬದಲಾಯಿಸಿದರೆ ಶನಿವಾರದ ತಂಡದವರು ಲೇನು ಕಟ್ಟಿಗೆ ಅನ್ನುತ್ತಾರೆ. ಬದಲಾಯಿಸದಿದ್ದರೆ ಇವರು ಹೋಗುತ್ತಾರೆ. ಅತ್ತ ದರಿ, ಇತ್ತ ಪುಲಿ. ಅವಳು ಕೌಂಟರಿನ ಹಿಂದಿನಿಂದ ಒರಟು ಪ್ಯಾಡೂ ಒಂದು ಬಟ್ಟಲು ನೀರೂ ತಂದು ಗಂಡನ ಮುಂದೆ ಕುಕ್ಕಿದಳು.

"ರೀ ಮೇಷ್ಟ್ರೇ, ಒಂದು ಕೇಳ್ತೀನಿ. ಮಳೆ ಬಂದು ರಸ್ತೆ ಒದ್ದೆ ಆಗಿದೆ. ಒಬ್ಬ ಶಿಷ್ಯ ಸವೆದು ನುಣ್ಣಗಾಗಿರೋ ಟೈರು ಹಾಕ್ಕೊಂಡು ಬಂದು, 'ಸಾರ್, ತಿರುವಲ್ಲಿ ಗಾಡಿ ತಿರುಗ್ತಿಲ್ಲ, ಈ ರಸ್ತೆ ಬದಲಾಯಿಸಿ' ಅಂತಾನೆ. ಏನಂತೀರಿ?"

"ಅಂಥ ಕತ್ತೆಗೆ ಗಾಡಿ ಕೀನೇ ಕೊಡಲ್ಲ!" ಎಂದರು ಮೇಷ್ಟ್ರು, ಯೋಚನೆಯನ್ನೇ ಮಾಡದೆ.

ಬೀಗದವರು ಬೂಟಿನ ದಾರ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದರು. ಅವರ ಬೆನ್ನು ಅಲುಗಾಡುತ್ತಿತ್ತು.

ಮೇಷ್ಟ್ರ ಕಿವಿ ಕೆಂಪಾಯಿತು. ಚೆಂಡು ನೋಡಿದರು, ಪ್ಯಾಡು ನೋಡಿದರು. "ಒಂದೇ ಸಲ. ತಿರುಗದೇ ಇದ್ರೆ ನಾಳೆಯಿಂದ ನಾವಿಲ್ಲಿಲ್ಲ," ಎಂದು ಪ್ಯಾಡು ಕಿತ್ತುಕೊಂಡರು. ಉಜ್ಜುವಾಗ ಅವರ ಮುಖ ನೋಡಬೇಕಿತ್ತು, ಸಾಕಿದ ಬೆಕ್ಕಿನ ಬಾಲ ಕತ್ತರಿಸುತ್ತಿರುವವರ ಹಾಗಿತ್ತು. ಹೊಳಪೆಲ್ಲ ಹೋಗಿ ಚೆಂಡು ಬೂದಿ ಬಳಿದಂತಾಯಿತು.

ಎದ್ದು ನಿಂತು ಎಸೆದರು. ಚೆಂಡು ಎಣ್ಣೆಯ ಮೇಲೆ ಹರಿಯಿತು, ಎಣ್ಣೆ ದಾಟಿತು, ಯಾರೋ ಕಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ತಿರುಗಿತು. ಎಷ್ಟು ತಿರುಗಿತೆಂದರೆ ನಡುವಿನ ಪಿನ್ನುಗಳನ್ನೂ ಬಿಟ್ಟು ಎಡಮೂಲೆಯ ಒಂದೇ ಒಂದು ಪಿನ್ನನ್ನು ಉರುಳಿಸಿ ಗುಂಡಿಗೆ ಬಿತ್ತು.

"ಹೋಯ್ತು ನನ್ನ ನಾಲ್ಕು ದಿನ," ಎಂದಳು ನಾದಿನಿ.

ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ಲೇನನ್ನೇ ನೋಡುತ್ತಾ ನಿಂತರು. ಔಷಧಿ ಅಂಗಡಿಯವರು ಮೆಲ್ಲಗೆ, "ಹಾಗಾದ್ರೆ ಮುಂದಿನ ವಾರ ಸ್ಟೇಷನ್ ಹತ್ರ...?" ಎಂದರು.

"ಯಾವ ಸ್ಟೇಷನ್ ರೀ? ಸ್ವಲ್ಪ ಸುಮ್ನಿರಿ. ನಿಲ್ಲೋ ಜಾಗ ಬದಲಾಯಿಸ್ಬೇಕು ಅಷ್ಟೆ. ನಿಮ್ಮ ಚೆಂಡೂ ತನ್ನಿ ಇಲ್ಲಿ, ಉಜ್ಜಿಕೊಡ್ತೀನಿ." ಆಮೇಲೆ ಹೆಂಡತಿಯ ಕಡೆ ತಿರುಗಿ, ಹುಬ್ಬು ಗಂಟಿಕ್ಕಿದರು. "ಆದ್ರೂ ನೋಡೇ, ಅತಿಯಾಗಿ ತಿರುಗ್ತಿದೆ. ಎಣ್ಣೆ ಸಾಲದು ಅನ್ಸುತ್ತೆ. ಇನ್ನೊಂಚೂರು ಜಾಸ್ತಿ ಹಾಕ್ಬಾರ್ದಾ?"

ಅಕ್ಕ ಪ್ಯಾಡನ್ನು ಬಟ್ಟಲಿನ ನೀರಿಗೆ ಎಸೆದಳು.

"ಇನ್ನೊಂದು ಸಲ ಎಣ್ಣೆ ಅಂತ ಬಾಯಿ ಬಿಟ್ರೆ, ಆ ಸ್ಟೇಷನ್ ಹತ್ರದ ಸೆಂಟರಿಗೆ ನಾನೇ ಹೋಗಿ ಸೇರ್ಕೋತೀನಿ!"