ಒಂದು ಸುತ್ತು ಓಡಿಸಿ ನೋಡಿ

ನರ್ಸು ಸೈಕಲ್ಲನ್ನು ತಳ್ಳಿಕೊಂಡೇ ಬಂದಳು. ರಿಪೇರಿ ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ ಬಲ ಅಂಗೈ ಬಿಚ್ಚಿ ತೋರಿಸಿದಳು. ಚರ್ಮ ಕಿತ್ತು ಕೆಂಪಗಾಗಿತ್ತು. ಅವಳೇ ಹಚ್ಚಿಕೊಂಡ ಔಷಧಿಯ ಕಂದು ಬಣ್ಣ ಮಣಿಕಟ್ಟಿನವರೆಗೂ ಹರಡಿತ್ತು.

“ನಿನ್ನೆ ತಾನೆ ಹೊಸ ಚೈನ್ ಹಾಕ್ಕೊಟ್ರಲ್ಲ ಅಕ್ಕ. ಸೇತುವೆ ಏರು ಹತ್ತುವಾಗ ಕಟ್ ಅಂತ ಜಾರ್ತು. ಪೆಡಲ್ ಸುಮ್ನೆ ತಿರುಗಿಬಿಡ್ತು, ನಾನು ರಸ್ತೆ ಮೇಲೆ. ಹಿಂದೆ ಲಾರಿ ಇದ್ದಿದ್ರೆ ನಮ್ಮ ವಾರ್ಡಲ್ಲೇ ನನಗೊಂದು ಮಂಚ ಹಾಕ್ತಿದ್ರು.”

ಓಣಿಯವರೆಲ್ಲ ಸೈಕಲ್ ಅಕ್ಕ ಎಂದು ಕರೆಯುವ ಹೆಂಗಸು ಕೆಳಗೆ ಕುಕ್ಕರಗಾಲಲ್ಲಿ ಕೂತು ಪೆಡಲ್ ತಿರುಗಿಸಿದಳು. ಚೈನು ಸದ್ದಿಲ್ಲದೆ ಓಡಿತು. ಮತ್ತೊಮ್ಮೆ, ಇನ್ನೂ ಜೋರಾಗಿ. ಎಲ್ಲೂ ತಡೆಯಲಿಲ್ಲ.

“ಸರಿಯಾಗೇ ಇದೆಯಲ್ಲ?”

“ನಿಮ್ಮ ಮುಂದೆ ಸರಿಯಾಗೇ ಇರುತ್ತೆ. ನಾನು ಕೂತ್ರೆ ರಾಗ ತೆಗೆಯುತ್ತೆ. ನನ್ನ ತೂಕ ಅದಕ್ಕೆ ಹಿಡಿಸಲಿಲ್ಲವೇನೋ. ನೀವೇ ಒಂದು ಸುತ್ತು ಓಡಿಸಿ ನೋಡಿ.”

ಅಕ್ಕ ಎದ್ದು ನಿಂತು ಬಟ್ಟೆಯ ಚೂರಿನಿಂದ ಕೈ ಒರೆಸಿಕೊಂಡಳು. ಕೈಯೇನೂ ಕೊಳೆಯಾಗಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವಳು ಈ ಅಂಗಡಿಯಲ್ಲಿ ಕೂತಿದ್ದಾಳೆ. ತಿರುಗುವ ಚಕ್ರಕ್ಕೆ ಹೆಬ್ಬೆರಳ ಉಗುರು ತಾಗಿಸಿ ಕಣ್ಣು ಮುಚ್ಚಿಕೊಂಡೇ ಬೆಂಡು ಎಲ್ಲಿದೆ ಎಂದು ಹೇಳುತ್ತಾಳೆ. ಆದರೆ ಸೈಕಲ್ ಹತ್ತಲು ಬರುವುದಿಲ್ಲ. ರಿಪೇರಿ ಮುಗಿದ ಮೇಲಿನ ಸುತ್ತು ಗಂಡನದು. ಅವನು ಓಣಿಯ ಮೇಲ್ತುದಿಯ ನೀರಿನ ಟ್ಯಾಂಕಿನವರೆಗೆ ಹೋಗಿ ಬಂದು, ಒಂದು ಕಾಲು ನೆಲಕ್ಕೂರಿ, “ಸರಿ ಇದೆ, ತಗೊಂಡ್ಹೋಗಿ” ಅನ್ನುತ್ತಿದ್ದ. ಕೆಲಸ ಅವಳದಾದರೂ ಮುಗಿಯುತ್ತಿದ್ದದ್ದು ಆ ಮಾತಿನಿಂದಲೇ.

ಮದುವೆಯಾದ ಹೊಸತರಲ್ಲಿ ಅವಳಿಗೂ ಕಲಿಸುತ್ತೇನೆಂದು ಅವನು ಹೊರಟದ್ದುಂಟು. ಎರಡು ಸಲ ಬಿದ್ದಳು. ಬಾಗಿಲುಗಳಲ್ಲಿ ನಿಂತವರು ನಕ್ಕರು, ಅವನೂ ನಕ್ಕ. ಆಮೇಲೆ ಬಸಿರು, ಆಮೇಲೆ ಕಂಕುಳಲ್ಲಿ ಮಗು. ಮತ್ತೆ ಇಬ್ಬರೂ ಆ ಮಾತು ಎತ್ತಲಿಲ್ಲ. ಮೂರು ವಾರದ ಹಿಂದೆ ಅವನ ಮಂಡಿಯ ಆಪರೇಷನ್ ಆಯಿತು. ಅವತ್ತಿನಿಂದ ಸೈಕಲ್ಲುಗಳು ಸುತ್ತು ಹಾಕಿಸಿಕೊಳ್ಳದೆಯೇ ಅಂಗಡಿ ಬಿಟ್ಟು ಹೋಗುತ್ತಿದ್ದವು. ಯಾರಿಗೂ ಗೊತ್ತಾಗಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಗಂಡ ತೆರೆದ ಬಾಗಿಲಿನಿಂದಲೇ ಹೇಳಿದ:

“ಬಿಟ್ಟು ಹೋಗಮ್ಮ. ಸಂಜೆ ಅವಳೇ ಓಡ್ಸಿ ನೋಡ್ತಾಳೆ.”

ಅಕ್ಕ ತಿರುಗಿ ನೋಡಿದಳು. ಅವನು ತನ್ನ ಮಂಡಿಯ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದ.

ಹೂಂ ಅಂದರೆ ಸಾಕಿತ್ತು. ಸಂಜೆ ಎದುರುಗಡೆಯ ಟೈಲರನ್ನು ಕರೆದು ಓಡಿಸಿದರಾಯಿತು. ಈ ನರ್ಸಿನ ಮಾತು ಕೇಳಿ ಆಸ್ಪತ್ರೆಯ ಇನ್ನೂ ಆರು ಜನ ಇಲ್ಲಿಗೇ ಬರುತ್ತಾರೆ. ಸೈಕಲ್ ಹತ್ತಲೂ ಬಾರದವಳ ಕೈಗೆ ಸೈಕಲ್ ಕೊಟ್ಟಿದ್ದೆವು ಎಂದು ತಿಳಿದರೆ ಅವರಲ್ಲಿ ಎಷ್ಟು ಜನ ಮತ್ತೆ ಈ ಕಡೆ ತಲೆ ಹಾಕುತ್ತಾರೆ? ಆದರೆ ಟೈಲರ್ ಸಪಾಟು ರಸ್ತೆಯಲ್ಲಿ ಹೋಗಿ ಬಂದು ಸರಿ ಇದೆ ಅಂದುಬಿಟ್ಟರೆ? ನಾಳೆಯೂ ಅದೇ ಸೇತುವೆ ಇರುತ್ತದೆ. ಅವಳ ಕಣ್ಣು ಮತ್ತೆ ಆ ಅಂಗೈಗೆ ಹೋಯಿತು.

“ನನಗೆ ಸೈಕಲ್ ಬರಲ್ಲ,” ಅಂದಳು.

“ಬರಲ್ಲ ಅಂದ್ರೆ?”

“ರಿಪೇರಿ ಬರುತ್ತೆ. ಓಡ್ಸೋಕೆ ಬರಲ್ಲ. ಇಷ್ಟು ವರ್ಷ ಇವರು ಓಡ್ಸಿ ನೋಡ್ತಿದ್ರು. ನಿಮ್ಮದನ್ನ ಯಾರೂ ನೋಡಲಿಲ್ಲ. ಸ್ಟ್ಯಾಂಡ್ ಮೇಲೆ ತಿರುಗ್ತಲ್ಲ ಅಂತ ಕೊಟ್ಟುಬಿಟ್ಟೆ. ತಪ್ಪು ನಂದೇ.”

ಒಳಗೆ ಸ್ಟೂಲು ನೆಲಕ್ಕೆ ಉಜ್ಜಿದ ಸದ್ದಾಯಿತು.

ನರ್ಸು ಅಂಗೈಯನ್ನೊಮ್ಮೆ ನೋಡಿಕೊಂಡಳು.

“ದಿನಕ್ಕೆ ನಲವತ್ತು ಇಂಜೆಕ್ಷನ್ ಕೊಡ್ತೀನಿ ನಾನು. ನನಗೆ ಯಾರಾದ್ರೂ ಸೂಜಿ ಎತ್ತಿದ್ರೆ ಕೈಕಾಲು ತಣ್ಣಗಾಗುತ್ತೆ. ಆದ್ರೆ ರೋಗಿಗಳ ಹತ್ರ ಅದನ್ನ ಹೇಳ್ಕೊಳ್ಳಲ್ಲ.” ಮುಖದಲ್ಲಿ ನಗು ಇರಲಿಲ್ಲ. “ಈಗೇನು ಮಾಡೋದು? ಎರಡು ಗಂಟೆಗೆ ನನ್ನ ಡ್ಯೂಟಿ.”

“ನೀವು ಓಡ್ಸಿ. ನಾನು ನೋಡ್ತೀನಿ.”

ಓಣಿ ಟ್ಯಾಂಕಿನ ಕಡೆಗೆ ಏರುತ್ತಾ ಹೋಗುತ್ತದೆ. ನರ್ಸು ಹತ್ತಿ ಕೂತಳು. ಅಕ್ಕ ಕ್ಯಾರಿಯರ್ ಹಿಡಿದು, ಸೊಂಟ ಬಗ್ಗಿಸಿ, ಹಿಂದಿನ ಚಕ್ರದ ಮೇಲೇ ಕಣ್ಣಿಟ್ಟು ಜೊತೆಗೆ ಓಡತೊಡಗಿದಳು.

“ಜೋರಾಗಿ ತುಳೀರಿ.”

“ತುಳೀತಾನೇ ಇದೀನಿ. ನೀವು ಹಿಂದಕ್ಕೆ ಎಳೀತಿದೀರಲ್ಲ.”

“ಬೇಕಂತಲೇ ಎಳೀತಿರೋದು. ತುಳೀರಿ.”

ಟೈಲರ್ ಮಿಷನ್ ನಿಲ್ಲಿಸಿ ಹೊರಗೆ ತಲೆ ಹಾಕಿದ. “ಏನಕ್ಕ, ಈ ವಯಸ್ಸಲ್ಲಿ ಓಟದ ಪಂದ್ಯಾನಾ?”

“ನಿಮ್ಮ ಗುಂಡಿ ನೀವು ಹೊಲೀರಿ,” ಎಂದಳು ಏದುಸಿರಲ್ಲೇ. ಅಷ್ಟರಲ್ಲಿ ಕಂಡಿತು. ಹಿಂದಿನ ಚಕ್ರದ ಹಲ್ಲಿನ ಮೇಲೆ ಚೈನು ಮೆಲ್ಲಗೆ ಏರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಮುಂದಿನ ಹಲ್ಲಿಗೆ ಜಾರಿತು. ಕಟ್. ಇನ್ನೊಂದು ವರ್ಷ ಬಾಳುತ್ತದೆ ಎಂದು ಅವಳೇ ಬದಲಿಸದೆ ಬಿಟ್ಟಿದ್ದ ಹಳೇ ಹಲ್ಲುಗಾಲಿ, ಫ್ರೀವೀಲು. ಅದರ ಹಲ್ಲುಗಳೆಲ್ಲ ಒಂದೇ ಕಡೆಗೆ ಸವೆದು ವಾಲಿದ್ದವು.

ಅಂಗಡಿಗೆ ಬಂದು ಚಕ್ರ ಬಿಚ್ಚುತ್ತಾ ಹೇಳಿದಳು: “ಹಳೇ ಚೈನು, ಹಳೇ ಫ್ರೀವೀಲು ಒಟ್ಟಿಗೇ ಸವೆದಿರ್ತವೆ. ಇದರ ಸವೆತ ಅದಕ್ಕೆ ಗೊತ್ತು. ನಾನು ಒಂದನ್ನ ಮಾತ್ರ ಹೊಸದು ಹಾಕಿದೆ. ಬರೀ ತಿರುಗೋವಾಗ ಜಗಳ ಇಲ್ಲ. ಭಾರ ಬಿದ್ದಾಗ್ಲೇ ಗೊತ್ತಾಗೋದು.”

“ನಮ್ಮ ಮನೇಲೂ ಅಷ್ಟೇ,” ಅಂದಳು ನರ್ಸು. ಈಗ ಇಬ್ಬರೂ ನಕ್ಕರು.

“ಇನ್ಮೇಲೆ ಚೈನ್ ಹಾಕಿಸುವಾಗ ಫ್ರೀವೀಲ್ ನೋಡ್ಸಿ. ಯಾರ ಅಂಗಡೀಲಾದ್ರೂ ಸರಿ, ಒಂದು ಏರು ಹತ್ತಿ ನೋಡದೆ ಗಾಡಿ ತಗೋಬೇಡಿ.”

“ಯಾರ ಅಂಗಡೀಲಾದ್ರೂ ಅಂದ್ರೇನು? ನನ್ನ ಬೇರೆ ಕಡೆ ಸಾಗಹಾಕೋ ಯೋಚನೇನಾ?”

ಹೊಸ ಫ್ರೀವೀಲು ಹಾಕಲು ಅರ್ಧ ಗಂಟೆ ಹಿಡಿಯಿತು. ನರ್ಸು ಪೆಡಲ್ಲುಗಳ ಮೇಲೆ ಎದ್ದು ನಿಂತು, ಇಡೀ ಭಾರ ಬಿಟ್ಟು ಟ್ಯಾಂಕಿನವರೆಗೆ ಹತ್ತಿದಳು. ಸದ್ದಿಲ್ಲ. ವಾಪಸು ಬಂದು ಒಂದು ಕಾಲು ನೆಲಕ್ಕೂರಿದಳು.

“ಸರಿ ಇದೆ. ನಾಳೆ ನಮ್ಮ ವಾರ್ಡಿನವಳು ಬ್ರೇಕ್ ಮಾಡಿಸೋಕೆ ಬರ್ತಾಳೆ. ಅವಳಿಗೂ ಮೊದಲೇ ಹೇಳ್ಬಿಡಿ, ಓಡ್ಸೋದು ಅವಳು, ಓಡೋದು ನೀವು ಅಂತ.”

ಅವಳು ಹೋದ ಮೇಲೆ ಗಂಡ ಕೇಳಿದ: “ಹೇಳಲೇಬೇಕಿತ್ತಾ?”

“ಅವಳ ಕೈ ನೋಡಿದ್ರಾ?”

ಅವನು ಚಾಚಿದ ಕಾಲಿನ ಪಟ್ಟಿಯನ್ನು ಮತ್ತೆ ಬಿಗಿಮಾಡಿಕೊಂಡ.

ಊಟದ ಹೊತ್ತಿಗೆ ಅಕ್ಕ ಶಟರನ್ನು ಅರ್ಧ ಇಳಿಸಿದಳು. ಮೂಲೆಯಲ್ಲಿದ್ದ ಮನೆಯ ಹಳೇ ಸೈಕಲ್ಲನ್ನು ಎಳೆದುಕೊಂಡಳು. ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ತಗ್ಗಿಸಿದಳು. ಆಮೇಲೆ ಸ್ಪ್ಯಾನರ್ ಹಿಡಿದು ಪೆಡಲ್ಲಿಗೆ ಕೈ ಹಾಕಿದಳು. ಬಲಗಡೆಯದು ಎಲ್ಲ ಬೋಲ್ಟುಗಳಂತೆ ಬಿಚ್ಚಿಕೊಳ್ಳುತ್ತದೆ. ಎಡಗಡೆಯದಕ್ಕೆ ಉಲ್ಟಾ ತಿರುವು. ಗೊತ್ತಿಲ್ಲದವರು ಅಲ್ಲೇ ಜೋರು ಮಾಡಿ ತಿರುಪಿನ ಥ್ರೆಡ್ ಹಾಳುಮಾಡುತ್ತಾರೆ. ಅವಳ ಕೈ ಯೋಚಿಸಲಿಲ್ಲ. ಮಕ್ಕಳಿಗೆ ಸೈಕಲ್ ಕೊಡಿಸುವ ತಾಯಂದಿರಿಗೆಲ್ಲ ಅವಳು ಹೇಳಿ ಕಳಿಸುತ್ತಿದ್ದದ್ದು ಇದನ್ನೇ: ಮೊದಲು ಪೆಡಲ್ ಬಿಚ್ಚಿಬಿಡಿ, ಕಾಲಲ್ಲೇ ನೂಕಿಕೊಂಡು ಹೋಗಲಿ, ಒಂದು ವಾರದಲ್ಲಿ ಬ್ಯಾಲೆನ್ಸು ತಾನಾಗೇ ಬರುತ್ತೆ, ಯಾರೂ ಹಿಡ್ಕೋಬೇಡಿ.

“ಅದ್ಯಾಕೆ ಪೆಡಲ್ ಬಿಚ್ತಿದೀಯ?”

ಅವಳು ಒಳಗೆ ಬಂದು ಎರಡೂ ಪೆಡಲ್ಲುಗಳನ್ನು ಅವನ ಕಾಲಿನ ಪಕ್ಕ ಸ್ಟೂಲಿನ ಮೇಲಿಟ್ಟಳು. ಶಟರಿನ ಕೆಳಗೆ ತಲೆ ಬಗ್ಗಿಸಿ ಸೈಕಲ್ಲನ್ನು ಓಣಿಗೆ ಇಳಿಸಿದಳು.

ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಒಳಗೆ ಕೇಳಿಸಿತು. ಒಂದು, ಇನ್ನೊಂದು. ನಿಂತಿತು. ಮತ್ತೆ ಶುರುವಾಯಿತು. ಎದುರುಗಡೆ ಟೈಲರನ ಮಿಷನ್ ನಿಂತಿತ್ತು. ಗಂಡ ಪೆಡಲ್ಲುಗಳನ್ನು ಮಡಿಲಿಗೆ ತೆಗೆದುಕೊಂಡು, ಬಟ್ಟೆಯ ಚೂರಿನಿಂದ ಥ್ರೆಡ್ಡಿನ ಸಂದಿಯ ಕರಿಯನ್ನು ಒರೆಸತೊಡಗಿದ. ಒರೆಸಿ, ಬಲದ್ದನ್ನು ಬಲಕ್ಕೂ ಎಡದ್ದನ್ನು ಎಡಕ್ಕೂ ಇಟ್ಟ.