ಏಳನೆಯ ನಂಬರಿನ ಗೆರೆ

"ಕೆಲಸ ಮುಗಿದ ಮೇಲೆ ಡಬ್ಬಿ ಆಫ್ ಮಾಡ್ತಿದ್ರಿ ತಾನೇ?" ಪಕ್ಕದ ಕುರ್ಚಿಯಲ್ಲಿದ್ದ ಪೋಸ್ಟ್‌ಮ್ಯಾನ್ ಸುಮ್ಮನೆ ಮಾತಿಗೆಂದು ಕೇಳಿದ.

"ಆಫ್ ಮಾಡಬೇಕಿತ್ತಾ?" ಎಂದಳು ಮೀಟರಮ್ಮ.

"ಮೊದಲನೇ ದಿನವೇ ಹೇಳಿದ್ರಲ್ಲ. ಡ್ಯೂಟಿ ಆದ್ಮೇಲೆ ನಾವು ಎಲ್ಲಿಗೆ ಹೋಗ್ತೀವಿ ಅನ್ನೋದು ಅವರಿಗ್ಯಾಕೆ?"

ಮೀಟರಮ್ಮ ಹದಿನೈದು ದಿನವೂ ಆ ಡಬ್ಬಿಯ ಗುಂಡಿಯನ್ನು ಮುಟ್ಟಿರಲಿಲ್ಲ. ಆಫೀಸಿನ ವಸ್ತು, ಏನೋ ಒತ್ತಲು ಹೋಗಿ ಕೆಟ್ಟರೆ ಯಾರು ಉತ್ತರ ಕೊಡುವುದು ಎಂದು ಹೆದರಿ, ಎದ್ದಾಗಿನಿಂದ ಮಲಗುವವರೆಗೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದ್ದಳು. ಇಪ್ಪತ್ತೆರಡು ವರ್ಷ ನಗರಸಭೆಗಾಗಿ ಮನೆಮನೆಯ ನೀರಿನ ಮೀಟರ್ ಓದಿದವಳಿಗೆ ಅಷ್ಟು ನಿಯತ್ತು ಇರುವುದು ತಪ್ಪೇನಲ್ಲ. ಆದರೆ ಈಗ, ಭಾನುವಾರ ಬೆಳಿಗ್ಗೆ, ಊರಿನ ಮುಕ್ಕಾಲು ಪಾಲು ಜನ ಕೂತಿರುವ ಸಭಾಂಗಣದಲ್ಲಿ ಜವಾನ ಒಂದೊಂದೇ ಕಿಟಕಿಯ ಪರದೆ ಎಳೆಯುತ್ತಿದ್ದ. ಇನ್ನೇನು ಎಲ್ಲರ ಓಡಾಟವೂ ಗೋಡೆಯ ಮೇಲೆ ಮೂಡುವುದಿತ್ತು.

ಕಾಲುವೆಯ ಉದ್ದಕ್ಕೂ ಜನ ಆರಾಮವಾಗಿ ಅಡ್ಡಾಡಲು ದಾರಿಗಳನ್ನು ಮಾಡಬೇಕೆಂದು ನಗರಸಭೆ ತೀರ್ಮಾನಿಸಿ, ಅದಕ್ಕೆ ಹೊರಗಿನ ಸಲಹೆಗಾರರನ್ನು ಕರೆಸಿದಾಗ ಊರೆಲ್ಲ ಮೂಗು ಮುರಿದಿತ್ತು. ನಮ್ಮೂರಲ್ಲಿ ನಮಗೆ ನಡೆಯುವುದನ್ನು ಹೇಳಿಕೊಡಲು ಯಾರೋ ಬರಬೇಕೇ ಎಂದು ಕ್ಷೌರದಂಗಡಿಯಲ್ಲಿ ಒಂದು ವಾರ ಅದೇ ಮಾತು. ಬಂದವರು ಇಬ್ಬರು: ಬಾಗಿಲಲ್ಲಿ ತಲೆ ತಗ್ಗಿಸಿಯೇ ನುಗ್ಗಬೇಕಾದ ಉದ್ದನೆಯ ಗಂಡಸು, ಅವನ ಮಾತನ್ನೆಲ್ಲ ಬರೆದುಕೊಳ್ಳುವ ಹುಡುಗಿ. ಅವರು ಮಾಡಿದ ಮೊದಲ ಕೆಲಸವೆಂದರೆ ಊರಲ್ಲಿ ನಡೆದೇ ಹೊಟ್ಟೆ ಹೊರೆಯುವ ಹನ್ನೆರಡು ಜನರಿಗೆ, ಅವರು ನಡೆದ ದಾರಿಯನ್ನೆಲ್ಲ ಗುರುತಿಟ್ಟುಕೊಳ್ಳುವ ಬೆಂಕಿಪೊಟ್ಟಣದಷ್ಟು ಡಬ್ಬಿಗಳನ್ನು ಕೊಟ್ಟಿದ್ದು. ಕಾಲು ಎಲ್ಲಿ ಹೋಗುತ್ತದೋ ದಾರಿಯೂ ಅಲ್ಲೇ ಇರಬೇಕು ಎಂಬುದು ಉದ್ದನೆಯವನ ವಾದ. ಮೀಟರಮ್ಮನಿಗೆ ಬಂದದ್ದು ಏಳನೆಯ ನಂಬರು.

ಅವಳ ಕಾಲು ಎಲ್ಲಿ ಹೋಗುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಪ್ರತಿ ಸಂಜೆ ಆರಕ್ಕೆ, ಮನೆಯ ದಾರಿ ಬಿಟ್ಟು, ಊರಿನ ಇನ್ನೊಂದು ತುದಿಯ ಕಾಲುಸೇತುವೆಗೆ ಹೋಗಿ ನೀರು ನೋಡುವವಳ ಹಾಗೆ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಅಲ್ಲಿಂದ ಅಕ್ಕನ ಹೊಲಿಗೆ ಕೋಣೆಯ ಕಿಟಕಿ ಕಾಣುತ್ತಿತ್ತು. ಅಕ್ಕ ದೀಪದಡಿ ತಲೆ ಬಗ್ಗಿಸಿ ಕೂತಿದ್ದರೆ ಸರಿ, ಚೆನ್ನಾಗಿದ್ದಾಳೆ ಎಂದುಕೊಂಡು ತಿರುಗುತ್ತಿದ್ದಳು.

ಇಬ್ಬರೂ ಮಾತು ಬಿಟ್ಟು ಆರು ವರ್ಷ. ಅಮ್ಮ ತೀರಿಕೊಂಡ ತಿಂಗಳಲ್ಲೇ ಅಕ್ಕ ಅಮ್ಮನ ತುಳಿಯುವ ಹೊಲಿಗೆ ಯಂತ್ರವನ್ನು ಯಾರಿಗೋ ಕೊಟ್ಟು ಮೋಟಾರಿನದು ತಂದಿದ್ದಳು. "ಅಮ್ಮನ್ನೇ ಎತ್ತಿ ಕೊಟ್ಟುಬಿಟ್ಟೆಯಲ್ಲ" ಎಂದಳು ತಂಗಿ. "ಬೀದಿ ಸುತ್ತೋಳಿಗೆ, ಅಮ್ಮನ್ನ ನೋಡಿಕೊಂಡು ಅದನ್ನ ತುಳಿದೋರ ಮಂಡಿನೋವು ಏನು ಗೊತ್ತು" ಎಂದಳು ಅಕ್ಕ. ಅಷ್ಟೇ, ಇಬ್ಬರ ಬಾಯಿಗೂ ಬೀಗ ಬಿತ್ತು. ತಿಂಗಳಿಗೊಮ್ಮೆ ಮೀಟರಮ್ಮ ಆ ಮನೆಗೂ ಹೋಗಿ ಅಂಕಿ ಬರೆದುಕೊಂಡು, ಚೀಟಿಯನ್ನು ಗೇಟಿಗೆ ಸಿಕ್ಕಿಸಿ ಬರುತ್ತಿದ್ದಳು. ಹೋದಾಗಲೆಲ್ಲ ಮೀಟರಿನ ಸುತ್ತ ಒಂದು ಹುಲ್ಲುಕಡ್ಡಿಯೂ ಇರುತ್ತಿರಲಿಲ್ಲ. ಅಕ್ಕನಿಗೆ ಮೊದಲಿನಿಂದಲೂ ಚೊಕ್ಕತನದ ಹುಚ್ಚು ಎಂದು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಈಗ ಆ ಅಕ್ಕ ಮೂರನೆಯ ಸಾಲಿನಲ್ಲಿ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಕೂತಿದ್ದಳು. ಬಾಯಿ ಇರುವವಳು ಎಂದು ಅವಳ ಬೀದಿಯವರೇ ಮುಂದೆ ಮಾಡಿ ಕಳಿಸಿದ್ದರು. ತಾನು ಕದ್ದು ನೋಡಿ ಹೋಗುತ್ತಿದ್ದದ್ದು ಅವಳಿಗೆ ಇಷ್ಟು ಜನರೆದುರು ಗೊತ್ತಾದರೆ, ಅದನ್ನು ಕೇಳಿ ಅವಳು ಒಂದು ನಗೆ ನಕ್ಕುಬಿಟ್ಟರೆ, ಇನ್ನು ಆ ಸೇತುವೆಯ ಮೇಲೂ ನಿಲ್ಲುವಂತಿರಲಿಲ್ಲ. ಮೀಟರಮ್ಮನಿಗೆ ಉಳಿದಿದ್ದದ್ದು ಅದೊಂದೇ.

ಗೋಡೆಯ ಮೇಲೆ ಊರು ಮೂಡಿತು. ಪೋಸ್ಟ್‌ಮ್ಯಾನ್‌ನ ಗೆರೆ ನೋಡಿ ಜನ ತಲೆದೂಗಿದರು. ನೈರ್ಮಲ್ಯದ ಇನ್ಸ್‌ಪೆಕ್ಟರರದು ಗೆರೆಯೇ ಇರಲಿಲ್ಲ, ನಗರಸಭೆಯ ಕಟ್ಟಡದೊಳಗೆ ಒಂದು ದಪ್ಪ ಚುಕ್ಕೆ ಮಾತ್ರ.

"ಇವರ ಡಬ್ಬಿ ಕೆಟ್ಟಿತ್ತು ಅನ್ಸುತ್ತೆ" ಎಂದ ಉದ್ದನೆಯವನು.

"ಡಬ್ಬಿ ಸರಿಯಾಗೇ ಇದೆ ಬಿಡ್ರಿ" ಎಂದರು ನಗರಸಭೆಯ ಅಧ್ಯಕ್ಷರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇನ್ಸ್‌ಪೆಕ್ಟರರೂ ಬೇರೆ ದಾರಿ ಕಾಣದೆ ನಕ್ಕರು.

"ಈಗ ಏಳನೇ ನಂಬರು" ಎಂದು ಉದ್ದನೆಯವನು ಕೋಲು ಎತ್ತಿದ. "ನಮಗೆ ತುಂಬಾ ಸಂತೋಷ ಕೊಟ್ಟ ಗೆರೆ ಇದು. ಹದಿನೈದು ದಿನದಲ್ಲಿ ಹದಿನಾಲ್ಕು ದಿನ, ಕೆಲಸ ಮುಗಿಸಿ, ಎರಡು ಕಿಲೋಮೀಟರು ಸುತ್ತಿಕೊಂಡು ಈ ಕಾಲುಸೇತುವೆಗೆ ಬಂದಿದ್ದಾರೆ. ಒಂಬತ್ತು ನಿಮಿಷ ನಿಂತು ವಾಪಸ್. ಅಲ್ಲಿ ಅಷ್ಟು ಒಳ್ಳೇ ನೋಟ ಇರಬೇಕು. ಅದಕ್ಕೇ ಅಲ್ಲೊಂದು ಬೆಂಚು ಹಾಕೋಣ ಅಂತ ನಮ್ಮ ಸಲಹೆ."

"ಯಾರದು ಏಳನೇ ನಂಬರು?" ಹಿಂದಿನಿಂದ ಯಾರೋ ಕೂಗಿದರು.

"ಹೆಸರು ಹೇಳೋ ಹಾಗಿಲ್ಲ" ಎಂದಳು ಹುಡುಗಿ. ಮೀಟರಮ್ಮ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಮೂರನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. "ಅಲ್ಲಿ ಬೆಂಚು ಬೇಡ."

"ಯಾಕಮ್ಮ? ನೋಟ ಚೆನ್ನಾಗಿದೆಯಲ್ಲ?" ಎಂದ ಉದ್ದನೆಯವನು.

"ಎಲ್ಲಿಯ ನೋಟ? ಎದುರಿಗೆ ಇರೋದು ನನ್ನ ಕಿಟಕಿ." ಜನ ನಕ್ಕರು. ಅಕ್ಕ ನಗಲಿಲ್ಲ. "ನನಗೇನು ಕಣ್ಣು ಕಾಣಲ್ವಾ? ಆರು ವರ್ಷದಿಂದ ನೋಡ್ತಾ ಇದ್ದೀನಿ. ಆರು ಗಂಟೆ ಆಯ್ತು ಅಂದ್ರೆ ಹೊಲಿಯೋದು ಇರ್ಲಿ ಬಿಡ್ಲಿ, ದೀಪ ಹಾಕ್ಕೊಂಡು ಕಿಟಕಿ ಹತ್ರ ಕೂತ್ಕೋತೀನಿ. ಹೋದ ವಾರ ಒಂದಿನ ಬರ್ಲಿಲ್ಲ. ಬೆಳಗಿನವರೆಗೂ ನಿದ್ದೆ ಇಲ್ಲ ನನಗೆ. ಬೆಂಚು ಹಾಕಿಕೊಟ್ರೆ ಅಲ್ಲೇ ಕೂತ್ಬಿಡ್ತಾಳೆ, ಒಳಗೆ ಬರೋದೇ ಇಲ್ಲ."

ಉದ್ದನೆಯವನಿಗೆ ಅರ್ಧ ಅರ್ಥವಾಗಿರಬೇಕು, ಆದರೆ ಅವನು ತನ್ನ ಕೆಲಸ ಬಿಡುವವನಲ್ಲ. "ಸೇತುವೆಯಿಂದ ನಿಮ್ಮ ಮನೆಗೆ ದಾರಿ ಇದೆಯಾ? ನಮ್ಮ ನಕ್ಷೆಯಲ್ಲಿ ಇಲ್ಲ."

"ಇದೆ" ಎಂದಳು ಮೀಟರಮ್ಮ, ಎದ್ದು ನಿಂತು. ಅಂಕಿ ಹೇಳುವಾಗ ತಪ್ಪುವವಳಲ್ಲ ಅವಳು. "ಸೇತುವೆ ಇಳಿದ್ರೆ ಪೊದೆ ಪಕ್ಕದಲ್ಲೇ. ಮೂವತ್ತೆಂಟು ಹೆಜ್ಜೆ."

ಸಭೆಯ ತಲೆಗಳೆಲ್ಲ ಒಟ್ಟಿಗೆ ಇವಳತ್ತ ತಿರುಗಿದವು. ಉದ್ದನೆಯವನು ಬಗ್ಗಿ ಏನೋ ಒತ್ತಿದ. ಸೇತುವೆಯಿಂದ ಕಿಟಕಿಯ ಮನೆಯವರೆಗೆ ಗೋಡೆಯ ಮೇಲೆ ಗೇಣುದ್ದ ಕೆಂಪು ಗೆರೆ ಬಂತು. "ಹೀಗಾ?" ಎಂದು ಕೇಳಿದ.

ಅಕ್ಕ ಅತ್ತ ನೋಡಲಿಲ್ಲ. ಕೂತುಕೊಂಡು, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.